ಎಲಿಯಟ್ ಪಿ. ಜೋಸ್ಲಿನ್

ಎಲಿಯಟ್ ಪ್ರಾಕ್ಟರ್ ಜೋಸ್ಲಿನ್ (ಜೂನ್ 6, 1869 – ಜನವರಿ 28, 1962) ಅಮೆರಿಕ ಸಂಯುಕ್ತ ಸಂಸ್ಥಾನದ ವೈದ್ಯರು ಮತ್ತು ಮಧುಮೇಹ ತಜ್ಞರು. ಮ್ಯಾಸಚೂಸೆಟ್ಸ್ ರಾಜ್ಯದ ಬಾಸ್ಟನ್ ನಗರದಲ್ಲಿ ಆರು ದಶಕಗಳಿಗೂ ಹೆಚ್ಚು ಕಾಲ ವೃತ್ತಿ ನಡೆಸಿದ ಇವರು ಮಧುಮೇಹವೊಂದನ್ನೇ ತಮ್ಮ ವಿಶೇಷ ಕ್ಷೇತ್ರವಾಗಿ ಆರಿಸಿಕೊಂಡ ಮೊದಲ ಅಮೆರಿಕನ್ ವೈದ್ಯರಲ್ಲಿ ಒಬ್ಬರು. ಇಂದಿನ ಜೋಸ್ಲಿನ್ ಮಧುಮೇಹ ಕೇಂದ್ರಕ್ಕೆ ಇವರ ಹೆಸರನ್ನೇ ಇಡಲಾಗಿದೆ.

ಜೋಸ್ಲಿನ್ ಇನ್ಸುಲಿನ್ ಅನ್ನು ಕಂಡುಹಿಡಿದವರಲ್ಲ. ಹೊಸ ಔಷಧವೊಂದನ್ನು ರೂಪಿಸಿದವರೂ ಅಲ್ಲ. ರೋಗಿಯೇ ತನ್ನ ಚಿಕಿತ್ಸೆಯ ದೈನಂದಿನ ನಿರ್ವಾಹಕನಾಗಬೇಕು, ಅದಕ್ಕೆ ಬೇಕಾದ ಶಿಕ್ಷಣವನ್ನು ಕೊಡುವುದು ವೈದ್ಯನ ಹೊಣೆ ಎಂಬ ತತ್ವವನ್ನು ವ್ಯವಸ್ಥಿತವಾಗಿ ಆಚರಣೆಗೆ ತಂದದ್ದೇ ವೈದ್ಯಕೀಯ ಇತಿಹಾಸದಲ್ಲಿ ಅವರ ಸ್ಥಾನಕ್ಕೆ ಕಾರಣ. ಈ ತತ್ವದ ಪರಿಣಾಮ ಹೆಚ್ಚಾಗಿ ಕಂಡುಬಂದದ್ದು ಇಂದು ಟೈಪ್ 1 ಮಧುಮೇಹ ಎಂದು ಕರೆಯಲ್ಪಡುವ ಕಾಯಿಲೆಗೆ ತುತ್ತಾದ ಮಕ್ಕಳು ಮತ್ತು ಹದಿಹರೆಯದವರಲ್ಲಿ. ಮೇದೋಜೀರಕ ಗ್ರಂಥಿಯ ಬೀಟಾ ಕೋಶಗಳು ನಾಶವಾಗಿ ದೇಹದಲ್ಲಿ ಇನ್ಸುಲಿನ್ ಉತ್ಪಾದನೆ ನಿಂತುಹೋಗುವ ಈ ಕಾಯಿಲೆಯಲ್ಲಿ ಪ್ರತಿದಿನವೂ ಹೊರಗಿನಿಂದ ಇನ್ಸುಲಿನ್ ಕೊಡಬೇಕಾಗುತ್ತದೆ. ಅದರ ಪ್ರಮಾಣವನ್ನು ಊಟ, ಆಟ, ಜ್ವರ ಇತ್ಯಾದಿಗಳಿಗೆ ತಕ್ಕಂತೆ ಬದಲಿಸುತ್ತಿರಬೇಕಾಗುತ್ತದೆ. ಟೈಪ್ 1 ಎಂಬ ಹೆಸರು ಜೋಸ್ಲಿನ್ ಅವರ ಕಾಲದಲ್ಲಿ ಬಳಕೆಯಲ್ಲಿರಲಿಲ್ಲ. ಅವರ ಬರಹಗಳಲ್ಲಿ ಇದು ಮಕ್ಕಳ ಮತ್ತು ಎಳೆಯರ ಮಧುಮೇಹವಾಗಿಯೇ ಕಾಣಿಸಿಕೊಳ್ಳುತ್ತದೆ.

ಜನನ ಮತ್ತು ವಿದ್ಯಾಭ್ಯಾಸ

ಜೋಸ್ಲಿನ್ ಮ್ಯಾಸಚೂಸೆಟ್ಸ್‌ನ ಆಕ್ಸ್‌ಫರ್ಡ್ ಎಂಬ ಸಣ್ಣ ಊರಿನಲ್ಲಿ ಜನಿಸಿದರು. (ಇದು ಇಂಗ್ಲೆಂಡಿನ ವಿಶ್ವವಿದ್ಯಾಲಯ ನಗರವಲ್ಲ, ಅಮೆರಿಕದ ರೆಡ್ ಕ್ರಾಸ್ ಸ್ಥಾಪಕಿ ಕ್ಲಾರಾ ಬಾರ್ಟನ್ ಹುಟ್ಟಿದ ಊರೂ ಇದೇ.) ತಂದೆ ಆಲೆನ್ ಲಫಾಯೆಟ್ ಜೋಸ್ಲಿನ್ ಪಾದರಕ್ಷೆ ತಯಾರಿಕೆಯ ಉದ್ಯಮಿಯಾಗಿದ್ದರು. ಮನೆತನ ಶ್ರೀಮಂತವಾಗಿದ್ದರೂ ನ್ಯೂ ಇಂಗ್ಲೆಂಡ್ ಪ್ರದೇಶದ ಪ್ಯೂರಿಟನ್ ಸಂಪ್ರದಾಯದ ದುಡಿಮೆ, ಮಿತವ್ಯಯ ಮತ್ತು ಸಂಯಮ ಅವರ ಬಾಲ್ಯದ ವಾತಾವರಣವಾಗಿತ್ತು. ಮುಂದೆ ರೋಗಿಗಳಿಂದ ಅವರು ಬಯಸಿದ ಶಿಸ್ತಿನ ಬೇರು ಇಲ್ಲಿಯೇ ಇದೆ ಎಂದು ಹೇಳಬಹುದು.

ಲೀಸ್ಟರ್ ಅಕಾಡೆಮಿಯಲ್ಲಿ ಓದಿದ ನಂತರ ಅವರು ಯೇಲ್ ಕಾಲೇಜಿನಿಂದ 1890ರಲ್ಲಿ ಪದವಿ ಪಡೆದರು. ಬಳಿಕ ಅದೇ ವಿಶ್ವವಿದ್ಯಾಲಯದ ಶೆಫೀಲ್ಡ್ ವಿಜ್ಞಾನ ಶಾಲೆಯಲ್ಲಿ ಒಂದು ವರ್ಷ ಶರೀರ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದರು. 1895ರಲ್ಲಿ ಹಾರ್ವರ್ಡ್ ವೈದ್ಯಕೀಯ ಶಾಲೆಯಿಂದ ಎಂ.ಡಿ. ಪದವಿ ಪಡೆದರು. ವಿದ್ಯಾರ್ಥಿಯಾಗಿದ್ದಾಗಲೇ ಮಧುಮೇಹದ ಬಗ್ಗೆ ಪ್ರಬಂಧ ಬರೆದು ಬಾಯ್ಲ್‌ಸ್ಟನ್ ಬಹುಮಾನ ಗಳಿಸಿದ್ದರು. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ ತರಬೇತಿ ಪಡೆದು ಯುರೋಪಿಗೆ ತೆರಳಿ, ಆ ಕಾಲದ ಪ್ರಖ್ಯಾತ ಮಧುಮೇಹ ತಜ್ಞ ಬರ್ನಾರ್ಡ್ ನೌನಿನ್ ಅವರ ಬಳಿ ಅಧ್ಯಯನ ಮಾಡಿದರು.

ದಾಖಲೆ ಪುಸ್ತಕ

1893ರಲ್ಲಿ, ಇನ್ನೂ ವಿದ್ಯಾರ್ಥಿಯಾಗಿದ್ದಾಗ, ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಬಂದ ಯುವತಿಯೊಬ್ಬಳ ವಿವರಗಳನ್ನು ಜೋಸ್ಲಿನ್ ಬರೆದಿಟ್ಟುಕೊಂಡರು. ಅದು ಅವರ ಮಧುಮೇಹ ದಾಖಲೆ ಪುಸ್ತಕದ ಮೊದಲ ನಮೂದು. ಅಲ್ಲಿಂದ ಮುಂದೆ ತಾವು ಕಂಡ ಪ್ರತಿಯೊಬ್ಬ ಮಧುಮೇಹಿಗೂ ಕ್ರಮಸಂಖ್ಯೆ ಕೊಟ್ಟು, ಆ ವ್ಯಕ್ತಿ ಎಷ್ಟು ವರ್ಷ ಬದುಕಿದ, ಯಾವುದರಿಂದ ಸತ್ತ ಎಂಬುದನ್ನೂ ಪತ್ರ ಬರೆದು ತಿಳಿದುಕೊಂಡು ದಾಖಲಿಸುತ್ತ ಹೋದರು. ದಶಕಗಳು ಕಳೆದಂತೆ ಈ ದಪ್ಪ ಪುಸ್ತಕಗಳ ಸಾಲು ಬೆಳೆದು, ಒಂದೇ ಕಾಯಿಲೆಯ ಬಗ್ಗೆ ಒಬ್ಬ ವೈದ್ಯ ಸಂಗ್ರಹಿಸಿದ ಅತಿ ದೊಡ್ಡ ದಾಖಲೆಗಳಲ್ಲಿ ಒಂದಾಯಿತು.

1898ರಲ್ಲಿ ತಮ್ಮ ಗುರು ರೆಜಿನಾಲ್ಡ್ ಫಿಟ್ಜ್ ಅವರೊಂದಿಗೆ ಪ್ರಕಟಿಸಿದ ಲೇಖನವೂ ಇಂಥದೇ ಲೆಕ್ಕಾಚಾರದ ಫಲ. ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯಲ್ಲಿ 1824ರಿಂದ 1898ರವರೆಗೆ ದಾಖಲಾದ 172 ಮಧುಮೇಹಿಗಳ ಕಡತಗಳನ್ನು ಅವರಿಬ್ಬರೂ ಅದಕ್ಕಾಗಿ ಪರಿಶೀಲಿಸಿದ್ದರು. ಮುಕ್ಕಾಲು ಶತಮಾನದ ಆ ಕಡತಗಳಲ್ಲಿ ಚಿಕಿತ್ಸೆಯ ಪ್ರಗತಿ ಎಂದು ಹೇಳಬಹುದಾದದ್ದು ಬಹಳ ಕಡಿಮೆಯಿತ್ತು. ಅದೇ ವರ್ಷ ಬಾಸ್ಟನ್ನಿನ ಬ್ಯಾಕ್ ಬೇ ಬಡಾವಣೆಯಲ್ಲಿ ಜೋಸ್ಲಿನ್ ಸ್ವಂತ ವೈದ್ಯವೃತ್ತಿ ಆರಂಭಿಸಿದರು.

ಸ್ವಲ್ಪ ಕಾಲದಲ್ಲೇ ಅವರ ತಾಯಿ ಸಾರಾ ಅವರಿಗೂ ಮಧುಮೇಹ ಇರುವುದು ತಿಳಿಯಿತು. ಮಗನ ದಾಖಲೆ ಪುಸ್ತಕದಲ್ಲಿ ತಾಯಿಯೂ ಒಂದು ಕ್ರಮಸಂಖ್ಯೆಯಾದರು. ಆಹಾರದಲ್ಲಿ ಕಟ್ಟುನಿಟ್ಟು, ದಿನನಿತ್ಯದ ಮೂತ್ರ ಪರೀಕ್ಷೆ, ಅಚ್ಚುಕಟ್ಟಾದ ಲೆಕ್ಕ ಇವುಗಳನ್ನು ಪಾಲಿಸಿದ ಆಕೆ ಹತ್ತು ವರ್ಷಕ್ಕೂ ಹೆಚ್ಚು ಕಾಲ ಬದುಕಿದರು. ಮಧ್ಯವಯಸ್ಸಿನ ನಂತರ ಬರುವ ಮಧುಮೇಹ ನಿಧಾನವಾಗಿ ಸಾಗುವಂಥದು. ಆದ್ದರಿಂದ ಈ ದೀರ್ಘಾಯುಸ್ಸಿನಲ್ಲಿ ಪಥ್ಯದ ಪಾಲೆಷ್ಟು, ಕಾಯಿಲೆಯ ಸ್ವಭಾವದ ಪಾಲೆಷ್ಟು ಎಂದು ಬೇರ್ಪಡಿಸುವುದು ಕಷ್ಟ. ಆದರೆ ಜೋಸ್ಲಿನ್ ಅವರಿಗೆ ಇದು ಸ್ವಯಂ ಆರೈಕೆಯ ಕಣ್ಣೆದುರಿನ ಪುರಾವೆಯಾಗಿತ್ತು.

ಉಪವಾಸ ಚಿಕಿತ್ಸೆಯ ಕಾಲ

ಮಕ್ಕಳ ವಿಷಯದಲ್ಲಿ ಅಂಥ ಸಮಾಧಾನಕ್ಕೆ ಅವಕಾಶವಿರಲಿಲ್ಲ. ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹತ್ತು ವರ್ಷದೊಳಗಿನ ಮಗುವಿಗೆ ಮಧುಮೇಹ ಬಂದರೆ ತಿಂಗಳುಗಳಲ್ಲಿ, ಹೆಚ್ಚೆಂದರೆ ಒಂದೆರಡು ವರ್ಷಗಳಲ್ಲಿ ಸಾವು ಖಚಿತವಾಗಿತ್ತು. ರಕ್ತದಲ್ಲಿ ಕೀಟೋನ್ ಆಮ್ಲಗಳು ಶೇಖರವಾಗಿ ಮಗು ಕೋಮಾಕ್ಕೆ ಜಾರುತ್ತಿತ್ತು. ವೈದ್ಯರ ಬಳಿ ಅದಕ್ಕೆ ಉಪಾಯವಿರಲಿಲ್ಲ.

ನ್ಯೂಯಾರ್ಕಿನ ರಾಕ್‌ಫೆಲರ್ ಸಂಸ್ಥೆಯಲ್ಲಿದ್ದ ಫ್ರೆಡರಿಕ್ ಆಲೆನ್ 1914ರ ಸುಮಾರಿಗೆ ಉಪವಾಸ ಚಿಕಿತ್ಸೆಯನ್ನು ಮುಂದಿಟ್ಟರು. ಮೂತ್ರದಲ್ಲಿ ಸಕ್ಕರೆ ಕಾಣದಂತಾಗುವವರೆಗೆ ರೋಗಿಯನ್ನು ಉಪವಾಸವಿಡುವುದು, ನಂತರ ಸಕ್ಕರೆ ಮತ್ತೆ ಕಾಣಿಸದಷ್ಟು ಮಾತ್ರ ಆಹಾರ ಕೊಡುವುದು ಇದರ ಕ್ರಮ. ಶರ್ಕರ ಪಿಷ್ಟವನ್ನು ತೆಗೆಯಲು ತರಕಾರಿಯನ್ನು ಮೂರು ಸಲ ಕುದಿಸಿ, ನೀರು ಚೆಲ್ಲಿ ಬಡಿಸಲಾಗುತ್ತಿತ್ತು. ಜೋಸ್ಲಿನ್ ಈ ಕ್ರಮವನ್ನು ತಮ್ಮ ರೋಗಿಗಳಿಗೂ ಅಳವಡಿಸಿದರು. ಬಾಸ್ಟನ್ನಿನ ಕಾರ್ನೆಗಿ ಪೋಷಣಾ ಪ್ರಯೋಗಾಲಯದಲ್ಲಿ ಫ್ರಾನ್ಸಿಸ್ ಬೆನೆಡಿಕ್ಟ್ ಅವರೊಂದಿಗೆ ಮಧುಮೇಹಿಗಳ ಚಯಾಪಚಯದ ಬಗ್ಗೆ ನಡೆಸಿದ್ದ ಅಧ್ಯಯನಗಳು ಅವರ ಬೆನ್ನಿಗಿದ್ದವು. 1916ರಲ್ಲಿ ಒಂದು ಸಾವಿರ ರೋಗಿಗಳ ಅನುಭವವನ್ನು ಆಧರಿಸಿ ಮಧುಮೇಹ ಚಿಕಿತ್ಸೆಯ ಬೃಹತ್ ಪಠ್ಯಪುಸ್ತಕವನ್ನು ಪ್ರಕಟಿಸಿದರು. ಅದು ಪರಿಷ್ಕರಣೆಗೊಳ್ಳುತ್ತ ಅವರ ನಂತರವೂ ಮುಂದುವರಿದಿದೆ.

ಉಪವಾಸ ಚಿಕಿತ್ಸೆ ಮಕ್ಕಳಿಗೆ ಕೊಟ್ಟದ್ದು ಒಂದೆರಡು ವರ್ಷಗಳ ಹೆಚ್ಚುವರಿ ಆಯುಸ್ಸು, ಅದೂ ಎಲುಬು ಚರ್ಮಗಳಷ್ಟೇ ಉಳಿದ ದೇಹದಲ್ಲಿ. ಇದನ್ನು ಕ್ರೌರ್ಯವೆಂದು ಆಕ್ಷೇಪಿಸಿದವರು ಆಗಲೂ ಇದ್ದರು. ಆದರೆ ಹೀಗೆ ಕಾಲ ತಳ್ಳಿದ ಕೆಲವರು 1922ರವರೆಗೆ ಉಳಿದುಕೊಂಡರು. ಇನ್ನೊಂದು ಪರಿಣಾಮವೂ ಇತ್ತು. ಮನೆಯಲ್ಲಿ ಗ್ರಾಂ ಲೆಕ್ಕದಲ್ಲಿ ಆಹಾರ ತೂಗುವುದು, ಮೂತ್ರ ಪರೀಕ್ಷಿಸುವುದು, ದಿನಚರಿ ಬರೆಯುವುದು ಇವನ್ನು ರೋಗಿಗೆ ಕಲಿಸದೆ ಈ ಚಿಕಿತ್ಸೆ ಸಾಧ್ಯವೇ ಇರಲಿಲ್ಲ. ಇನ್ಸುಲಿನ್ ಬರುವ ಹೊತ್ತಿಗೆ ಜೋಸ್ಲಿನ್ ಅವರ ಬಳಿ ಕಲಿಸುವ ವಿಧಾನ ಸಿದ್ಧವಾಗಿತ್ತು.

ರೋಗಿಗಾಗಿ ಕೈಪಿಡಿ

1918ರಲ್ಲಿ ಅವರು ಮಧುಮೇಹ ಕೈಪಿಡಿಯೊಂದನ್ನು ಹೊರತಂದರು. ವೈದ್ಯ ಮತ್ತು ರೋಗಿ ಇಬ್ಬರೂ ಒಂದೇ ಪುಸ್ತಕವನ್ನು ಓದಬೇಕೆಂಬ ಉದ್ದೇಶ ಅದಕ್ಕಿತ್ತು. ರೋಗದ ವಿವರಗಳನ್ನು ರೋಗಿಯಿಂದ ಮರೆಮಾಚುವುದೇ ಸೌಜನ್ಯವೆಂದು ಅನೇಕ ವೈದ್ಯರು ನಂಬಿದ್ದ ಕಾಲದಲ್ಲಿ ಇದು ಸಣ್ಣ ಮಾತಲ್ಲ. ಆಹಾರದ ಕೋಷ್ಟಕಗಳು, ಮೂತ್ರ ಪರೀಕ್ಷೆಯ ವಿಧಾನ, ಪಾದಗಳ ಆರೈಕೆ, ಕೋಮಾದ ಮುನ್ಸೂಚನೆಗಳು, ಅನಾರೋಗ್ಯದ ದಿನ ಏನು ಮಾಡಬೇಕೆಂಬ ಸೂಚನೆಗಳು ಅದರಲ್ಲಿದ್ದವು. ಪುಸ್ತಕ ಅವರ ಜೀವಿತಾವಧಿಯಲ್ಲೇ ಹಲವು ಆವೃತ್ತಿಗಳನ್ನು ಕಂಡಿತು.

ಕೈಪಿಡಿಯ ಹಿಂದಿದ್ದ ತರ್ಕ ಸರಳವಾದದ್ದು. ರೋಗಿ ವೈದ್ಯನೆದುರು ಇರುವುದು ವರ್ಷದಲ್ಲಿ ಕೆಲವೇ ಗಂಟೆ. ಉಳಿದ ಸಮಯದಲ್ಲಿ ಊಟದ ಮೇಜಿನಲ್ಲಿ, ಶಾಲೆಯಲ್ಲಿ, ಆಟದ ಮೈದಾನದಲ್ಲಿ, ನಡುರಾತ್ರಿಯಲ್ಲಿ ನಿರ್ಧಾರ ತೆಗೆದುಕೊಳ್ಳುವವನು ರೋಗಿ ಅಥವಾ ಅವನ ತಾಯಿ. ಹೆಚ್ಚು ತಿಳಿದ ಮಧುಮೇಹಿ ಹೆಚ್ಚು ಕಾಲ ಬದುಕುತ್ತಾನೆ ಎಂಬುದು ಜೋಸ್ಲಿನ್ ಅವರ ಜೀವನದುದ್ದಕ್ಕೂ ಮರುಕಳಿಸಿದ ವಾದ. ಅವರ ಪ್ರಕಾರ ಮಧುಮೇಹದಲ್ಲಿ ಶಿಕ್ಷಣವು ಚಿಕಿತ್ಸೆಯ ಒಂದು ಭಾಗವಲ್ಲ; ಅದೇ ಚಿಕಿತ್ಸೆ.

ಇನ್ಸುಲಿನ್ ಬಂದ ಮೇಲೆ

1921ರ ಡಿಸೆಂಬರ್ ಕೊನೆಯಲ್ಲಿ ನ್ಯೂ ಹೇವನ್ ನಗರದಲ್ಲಿ ಅಮೆರಿಕದ ಶರೀರಶಾಸ್ತ್ರ ಸಂಘದ ಸಭೆ ನಡೆಯಿತು. ಟೊರಾಂಟೊದ ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಸಂಗಡಿಗರು ಮೇದೋಜೀರಕದ ಸಾರದ ಬಗ್ಗೆ ವರದಿ ಮಂಡಿಸಿದಾಗ ಜೋಸ್ಲಿನ್ ಶ್ರೋತೃಗಳಲ್ಲಿದ್ದರು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ 14 ವರ್ಷದ ಲಿಯೊನಾರ್ಡ್ ಥಾಂಪ್ಸನ್‌ಗೆ ಮೊದಲ ಬಾರಿಗೆ ಆ ಸಾರವನ್ನು ಚುಚ್ಚಲಾಯಿತು. ಜೋಸ್ಲಿನ್ ಅವರ ಕೈಗೆ ಇನ್ಸುಲಿನ್ ಬಂದದ್ದು ಅದೇ ವರ್ಷದ ಆಗಸ್ಟ್‌ನಲ್ಲಿ. ಆಗಸ್ಟ್ 7ರಂದು ಅವರು ಅದನ್ನು ಮೊದಲು ಕೊಟ್ಟದ್ದು ಉಪವಾಸದ ಪಥ್ಯದಿಂದ ತೀರ ಕೃಶಳಾಗಿ ಮನೆಯಿಂದ ಹೊರಬರಲಾಗದ ಸ್ಥಿತಿಯಲ್ಲಿದ್ದ ಒಬ್ಬ ದಾದಿಗೆ. ಕೆಲವೇ ವಾರಗಳಲ್ಲಿ ಆಕೆ ಮೈಲಿಗಟ್ಟಲೆ ನಡೆಯುವಷ್ಟು ಚೇತರಿಸಿಕೊಂಡರು. ಅಸ್ಥಿಪಂಜರದಂತಿದ್ದ ಮಕ್ಕಳು ಮೈತುಂಬಿಕೊಳ್ಳುವುದನ್ನು ಕಂಡ ಜೋಸ್ಲಿನ್‌ಗೆ ಬೈಬಲಿನ ಎಜೆಕಿಯೆಲ್ ಪ್ರವಾದಿಯ ದರ್ಶನದಲ್ಲಿ ಒಣ ಎಲುಬುಗಳು ಜೀವತಳೆದ ಪ್ರಸಂಗ ನೆನಪಾಯಿತು.

ಔಷಧ ಬಂದ ಕೂಡಲೇ ಶಿಕ್ಷಣದ ಅಗತ್ಯ ಕಡಿಮೆಯಾಗಲಿಲ್ಲ, ಬದಲಿಗೆ ಹೆಚ್ಚಾಯಿತು. ಆರಂಭದ ಇನ್ಸುಲಿನ್ ಅಲ್ಪಾವಧಿಯದಾಗಿದ್ದು ದಿನಕ್ಕೆ ಹಲವು ಬಾರಿ ಚುಚ್ಚಬೇಕಾಗಿತ್ತು. ಬೇರೆ ಬೇರೆ ಸಾಂದ್ರತೆಯ ಬಾಟಲಿಗಳು ಮಾರುಕಟ್ಟೆಯಲ್ಲಿದ್ದುದರಿಂದ ಯೂನಿಟ್ಟುಗಳ ಲೆಕ್ಕ ತಪ್ಪಿದರೆ ಅಪಾಯವಿತ್ತು. ಗಾಜಿನ ಸಿರಿಂಜನ್ನೂ ಸೂಜಿಯನ್ನೂ ಕುದಿಸಿ ಶುದ್ಧಮಾಡಬೇಕಾಗಿತ್ತು. ಮೊಂಡಾದ ಸೂಜಿಯನ್ನು ಮನೆಯಲ್ಲೇ ಮಸೆಯಬೇಕಾಗಿತ್ತು. ಸಕ್ಕರೆ ಪರೀಕ್ಷೆಗೆ ಬೆನೆಡಿಕ್ಟ್ ದ್ರಾವಣವೇ ಗತಿ. 5 ಮಿಲಿಲೀಟರ್ ನೀಲಿ ದ್ರಾವಣಕ್ಕೆ ಎಂಟು ಹನಿ ಮೂತ್ರ ಹಾಕಿ ಕುದಿಸಿದರೆ, ಸಕ್ಕರೆ ಇಲ್ಲದಿದ್ದಲ್ಲಿ ಬಣ್ಣ ನೀಲಿಯಾಗಿಯೇ ಉಳಿಯುತ್ತಿತ್ತು. ಸಕ್ಕರೆ ಹೆಚ್ಚಿದಂತೆ ಹಸಿರು, ಹಳದಿ, ಕಿತ್ತಳೆ, ಕೊನೆಗೆ ಇಟ್ಟಿಗೆ ಕೆಂಪಿಗೆ ತಿರುಗುತ್ತಿತ್ತು. ಈ ಪರೀಕ್ಷೆ ಹೇಳುತ್ತಿದ್ದುದು ಕೆಲವು ಗಂಟೆಗಳ ಹಿಂದಿನ ಸ್ಥಿತಿಯನ್ನು. ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿದಿದೆಯೇ ಎಂಬುದನ್ನು ಅದು ಹೇಳಲಾರದು. ಆದ್ದರಿಂದ ಬೆವರು, ನಡುಕ, ಹಠಾತ್ ಹಸಿವು ಇವನ್ನು ಗುರುತಿಸಿ ತಕ್ಷಣ ಸಕ್ಕರೆ ಅಥವಾ ಹಣ್ಣಿನ ರಸ ಸೇವಿಸುವುದನ್ನು ಮಕ್ಕಳಿಗೂ ಅವರ ಶಾಲಾ ಶಿಕ್ಷಕರಿಗೂ ಕಲಿಸಬೇಕಾಯಿತು.

ಬಾಸ್ಟನ್ನಿನ ನ್ಯೂ ಇಂಗ್ಲೆಂಡ್ ಡೀಕನೆಸ್ ಆಸ್ಪತ್ರೆಯಲ್ಲಿ ಜೋಸ್ಲಿನ್ ಮತ್ತು ಸಹೋದ್ಯೋಗಿಗಳು ರೋಗಿಗಳಿಗೆ ತರಗತಿಗಳನ್ನು ನಡೆಸುತ್ತಿದ್ದರು. ಆಸ್ಪತ್ರೆಗೆ ಸೇರಿದವರು ಆಹಾರ ತೂಗುವುದನ್ನು, ಚುಚ್ಚಿಕೊಳ್ಳುವುದನ್ನು ಕಲಿತೇ ಮನೆಗೆ ಹೋಗಬೇಕಾಗಿತ್ತು. ಪಥ್ಯ, ಇನ್ಸುಲಿನ್, ವ್ಯಾಯಾಮ ಇವನ್ನು ಅವರು ಒಂದೇ ರಥಕ್ಕೆ ಹೂಡಿದ ಮೂರು ಕುದುರೆಗಳಿಗೆ ಹೋಲಿಸುತ್ತಿದ್ದರು. ಲಗಾಮು ರೋಗಿಯ ಕೈಯಲ್ಲಿ. ಈ ಚಿತ್ರವೇ ಅವರ ಚಿಕಿತ್ಸಾಲಯದ ಲಾಂಛನವೂ ಆಯಿತು.

ಪ್ರಿಸಿಲ್ಲಾ ವೈಟ್ ಮತ್ತು ಸಂಚಾರಿ ದಾದಿಯರು

1924ರಲ್ಲಿ ಜೋಸ್ಲಿನ್ ಅವರ ತಂಡ ಸೇರಿದ ಪ್ರಿಸಿಲ್ಲಾ ವೈಟ್ (1900–1989) ಮಕ್ಕಳ ವಿಭಾಗದ ಹೊಣೆ ಹೊತ್ತರು. ಇನ್ಸುಲಿನ್ ಪಡೆದು ಬೆಳೆಯುತ್ತಿದ್ದ ಮೊದಲ ತಲೆಮಾರಿನ ಮಕ್ಕಳ ಎತ್ತರ, ತೂಕ, ಓದು ಇತ್ಯಾದಿಗಳನ್ನು ಗಮನಿಸಿ 1932ರಲ್ಲಿ ಬಾಲ್ಯ ಮತ್ತು ಹದಿಹರೆಯದ ಮಧುಮೇಹದ ಬಗ್ಗೆ ಗ್ರಂಥ ಪ್ರಕಟಿಸಿದರು. ಆ ಹುಡುಗಿಯರು ಬೆಳೆದು ತಾಯ್ತನದ ಹಂತಕ್ಕೆ ಬಂದಾಗ ಅವರ ಗರ್ಭಧಾರಣೆಯ ಆರೈಕೆಯಲ್ಲಿಯೂ ವೈಟ್ ಅಗ್ರಗಣ್ಯರಾದರು. ಜೋಸ್ಲಿನ್ ಹೆಸರಿನ ನೆರಳಿನಲ್ಲಿ ಇವರ ಕೊಡುಗೆ ಎಷ್ಟೋ ಬಾರಿ ಮರೆಯಾಗುತ್ತದೆ.

ಆಸ್ಪತ್ರೆಯಲ್ಲಿ ಕಲಿತದ್ದು ಮನೆಯಲ್ಲಿ ಹೆಚ್ಚು ದಿನ ಉಳಿಯುವುದಿಲ್ಲ ಎಂಬುದನ್ನು ಜೋಸ್ಲಿನ್ ಬೇಗನೆ ಮನಗಂಡರು. ಅದಕ್ಕಾಗಿ ವಿಶೇಷ ತರಬೇತಿ ಪಡೆದ ದಾದಿಯರನ್ನು ರೋಗಿಗಳ ಮನೆಗಳಿಗೆ ಕಳುಹಿಸುವ ಪದ್ಧತಿ ಆರಂಭಿಸಿದರು. ಇವರನ್ನು ಸಂಚಾರಿ ಮಧುಮೇಹ ದಾದಿಯರು ಎಂದು ಕರೆಯಲಾಗುತ್ತಿತ್ತು. ಇಂಥ ದಾದಿ ಕುಟುಂಬದ ಜೊತೆ ಕೆಲವು ದಿನ ಉಳಿದು, ಅದೇ ಅಡುಗೆಮನೆಯ ಪಾತ್ರೆಗಳಲ್ಲಿ, ಅದೇ ಮನೆಯ ಊಟದಲ್ಲಿ ಲೆಕ್ಕ ಹಾಕುವುದನ್ನು ತಾಯಿಗೂ ಮಗುವಿಗೂ ತೋರಿಸಿಕೊಡುತ್ತಿದ್ದರು. ವೈದ್ಯರೆದುರು ಹೇಳಲಾಗದ ಭಯ, ಕದ್ದು ತಿಂದ ಮಿಠಾಯಿ, ತಪ್ಪಿಸಿದ ಚುಚ್ಚುಮದ್ದು ಇಂಥ ಸಂಗತಿಗಳು ಹೊರಬರುತ್ತಿದ್ದುದು ಮನೆಯಲ್ಲೇ. ಇಂದು ಅನೇಕ ದೇಶಗಳಲ್ಲಿರುವ ಮಧುಮೇಹ ಶಿಕ್ಷಕ ಎಂಬ ವೃತ್ತಿಯ ಪೂರ್ವಜರು ಇವರೇ.

ಮಕ್ಕಳ ಶಿಬಿರಗಳು

ಮಧುಮೇಹವಿರುವ ಮಕ್ಕಳಿಗಾಗಿ ಪ್ರತ್ಯೇಕ ಬೇಸಿಗೆ ಶಿಬಿರದ ಮೊದಲ ಪ್ರಯೋಗ ಜೋಸ್ಲಿನ್ ಅವರದಲ್ಲ. 1925ರಲ್ಲಿ ಮಿಷಿಗನ್ ರಾಜ್ಯದಲ್ಲಿ ಲಿಯೊನಾರ್ಡ್ ವೆಂಟ್ ಎಂಬ ವೈದ್ಯರು ಅದನ್ನು ಆರಂಭಿಸಿದ್ದರು. ಜೋಸ್ಲಿನ್ ಆ ಕಲ್ಪನೆಯನ್ನು ಸ್ಥಿರವಾದ ಸಂಸ್ಥೆಯಾಗಿಸಲು ಶ್ರಮಿಸಿದರು. 1932ರಲ್ಲಿ ನಾರ್ತ್ ಆಕ್ಸ್‌ಫರ್ಡ್‌ನಲ್ಲಿರುವ ಕ್ಲಾರಾ ಬಾರ್ಟನ್ ಜನ್ಮಸ್ಥಳದ ಆವರಣದಲ್ಲಿ ಯೂನಿವರ್ಸಲಿಸ್ಟ್ ಪಂಥದ ಮಹಿಳಾ ಸಂಘದ ಆಶ್ರಯದಲ್ಲಿ ಮಧುಮೇಹವಿರುವ ಹುಡುಗಿಯರ ಶಿಬಿರ ಶುರುವಾಯಿತು. ಹುಡುಗರಿಗಾಗಿ ಪಕ್ಕದ ಚಾರ್ಲ್ಟನ್ ಊರಿನಲ್ಲಿ 1948ರಲ್ಲಿ ಜೋಸ್ಲಿನ್ ಹೆಸರಿನ ಶಿಬಿರ ತೆರೆಯಿತು.

ಶಿಬಿರದ ದಿನಚರಿ ಮೂತ್ರ ಪರೀಕ್ಷೆ ಮತ್ತು ಚುಚ್ಚುಮದ್ದಿನಿಂದ ಆರಂಭವಾಗಿ, ಅಳತೆಯ ಊಟ, ಈಜು, ನಡಿಗೆ, ಆಟಗಳಲ್ಲಿ ಮುಂದುವರಿಯುತ್ತಿತ್ತು. ವ್ಯಾಯಾಮ ಹೆಚ್ಚಾದ ದಿನ ಇನ್ಸುಲಿನ್ ಕಡಿಮೆ ಸಾಕು ಎಂಬ ಪಾಠವನ್ನು ಪುಸ್ತಕದಿಂದ ಕಲಿಯುವುದಕ್ಕೂ, ಬೆಟ್ಟ ಹತ್ತಿ ಬಂದ ಸಂಜೆ ತನ್ನ ಮೈಯಲ್ಲೇ ಕಂಡುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಅದಕ್ಕಿಂತ ಮುಖ್ಯವಾದದ್ದು ಜೊತೆ. ತನ್ನ ಶಾಲೆಯಲ್ಲಿ ಒಬ್ಬಂಟಿಯಾಗಿದ್ದ, ಸಿರಿಂಜನ್ನು ಬಚ್ಚಿಡುತ್ತಿದ್ದ ಮಗುವಿಗೆ ಎಲ್ಲರೂ ಸಾಲಾಗಿ ಕುಳಿತು ಚುಚ್ಚಿಕೊಳ್ಳುವ ಸ್ಥಳ ಸಿಕ್ಕಿತು. ತಾಯಿಯ ಕೈಯಿಂದಲ್ಲದೆ ಬೇರೆ ರೀತಿ ಇನ್ಸುಲಿನ್ ತೆಗೆದುಕೊಳ್ಳದಿದ್ದವರು ದೊಡ್ಡ ಮಕ್ಕಳನ್ನು ನೋಡಿ ಸ್ವತಃ ಕಲಿಯುತ್ತಿದ್ದರು. ಹೆತ್ತವರಿಗೂ ವರ್ಷದಲ್ಲಿ ಕೆಲವು ವಾರ ರಾತ್ರಿ ನಿಶ್ಚಿಂತೆಯಿಂದ ಮಲಗುವ ಅವಕಾಶವಾಗುತ್ತಿತ್ತು. ಈ ಎರಡೂ ಶಿಬಿರಗಳ ಪರಂಪರೆ ಇಪ್ಪತ್ತೊಂದನೆಯ ಶತಮಾನದಲ್ಲಿಯೂ ಮುಂದುವರಿದಿದೆ.

ವಿಜಯ ಪದಕ

ಯುವ ರೋಗಿಗಳಿಗೆ ಪ್ರೋತ್ಸಾಹವಾಗಿ ಜೋಸ್ಲಿನ್ ಪದಕಗಳನ್ನೂ ಕೊಡಲಾರಂಭಿಸಿದರು. ನಿರೀಕ್ಷಿತ ಆಯುಸ್ಸನ್ನು ಮೀರಿ ಬದುಕಿದ ಮಧುಮೇಹಿಗಳಿಗೆ ಒಂದು ಪದಕವಿತ್ತು. 1940ರ ದಶಕದ ಕೊನೆಯಲ್ಲಿ, ಇನ್ಸುಲಿನ್ ಬಂದು ಕಾಲು ಶತಮಾನವಾದ ಸಂದರ್ಭದಲ್ಲಿ, 25 ವರ್ಷಗಳ ಮಧುಮೇಹದ ನಂತರವೂ ಕಣ್ಣು, ರಕ್ತನಾಳ, ಮೂತ್ರಪಿಂಡಗಳಲ್ಲಿ ತೊಡಕು ಕಾಣಿಸದವರಿಗೆ ವಿಜಯ ಪದಕ ನೀಡಲಾಯಿತು. ಈ ಗೌರವಕ್ಕೆ ಅರ್ಹರಾದವರು ವಿರಳ. ಅದಕ್ಕಾಗಿ ನಡೆಸಿದ ಪರೀಕ್ಷೆಗಳೇ, ಇನ್ಸುಲಿನ್‌ನಿಂದ ಬದುಕುಳಿದ ತರುಣರಲ್ಲಿ ಎಷ್ಟೊಂದು ಮಂದಿ ಮೂವತ್ತರ ಹರೆಯದಲ್ಲೇ ದೃಷ್ಟಿ ಕಳೆದುಕೊಳ್ಳುತ್ತಿದ್ದರು, ಮೂತ್ರಪಿಂಡ ವೈಫಲ್ಯಕ್ಕೆ ತುತ್ತಾಗುತ್ತಿದ್ದರು ಎಂಬ ಕಟುಸತ್ಯವನ್ನೂ ಹೊರಗೆಡಹಿದವು. ಕೋಮಾದಿಂದ ಸಾಯುವ ಮಕ್ಕಳ ಸಂಖ್ಯೆ ಇಳಿದು, ಆ ಜಾಗವನ್ನು ದೀರ್ಘಕಾಲದ ತೊಡಕುಗಳು ಆಕ್ರಮಿಸಿಕೊಂಡಿದ್ದವು.

ಹತೋಟಿಯ ವಿವಾದ

ಈ ತೊಡಕುಗಳಿಗೆ ಕಾರಣವೇನು ಎಂಬ ಪ್ರಶ್ನೆ ಮಧುಮೇಹ ತಜ್ಞರನ್ನು ಇಬ್ಭಾಗ ಮಾಡಿತು. ರಕ್ತದ ಸಕ್ಕರೆಯನ್ನು ಸಾಧ್ಯವಾದಷ್ಟು ಸಹಜ ಮಟ್ಟದಲ್ಲಿಟ್ಟರೆ ತೊಡಕುಗಳನ್ನು ತಡೆಯಬಹುದೆಂದು ಜೋಸ್ಲಿನ್ ದೃಢವಾಗಿ ನಂಬಿದ್ದರು. ನ್ಯೂಯಾರ್ಕಿನ ಎಡ್ವರ್ಡ್ ಟಾಲ್‌ಸ್ಟಾಯ್ ಮೊದಲಾದವರು ರೋಗಿಗೆ ಆರೋಗ್ಯವಾಗಿರುವಂತೆ ಅನಿಸಿದರೆ, ಕೀಟೋನ್ ಇಲ್ಲದಿದ್ದರೆ, ಮೂತ್ರದಲ್ಲಿ ಸ್ವಲ್ಪ ಸಕ್ಕರೆ ಇದ್ದರೂ ಚಿಂತೆಯಿಲ್ಲ, ಸಾಮಾನ್ಯ ಊಟ ಮಾಡಲಿ ಎಂದು ವಾದಿಸಿದರು. ಈ ಮುಕ್ತ ಪಥ್ಯವು ಮಕ್ಕಳಿಗೆ ಮಾನಸಿಕ ನೆಮ್ಮದಿ ತರುತ್ತದೆಂಬುದು ಅವರ ಸಮರ್ಥನೆ. ಎರಡೂ ಪಕ್ಷಗಳ ಬಳಿ ಇದ್ದದ್ದು ತಮ್ಮ ತಮ್ಮ ರೋಗಿಗಳ ಅನುಭವ ಮಾತ್ರ. ನಿರ್ಣಾಯಕ ಪ್ರಯೋಗಕ್ಕೆ ಬೇಕಾದ ಸಾಧನಗಳು ಆಗ ಇರಲಿಲ್ಲ.

ಜೋಸ್ಲಿನ್ ಅವರ ನಿಲುವಿನ ಇನ್ನೊಂದು ಮುಖವನ್ನು ವೈದ್ಯಕೀಯ ಇತಿಹಾಸಕಾರರು ವಿಮರ್ಶಿಸಿದ್ದಾರೆ. ಅವರ ಬರಹಗಳಲ್ಲಿ ಹತೋಟಿಯು ಬರಿಯ ದೇಹದ ಸ್ಥಿತಿಯಾಗಿರದೆ ಚಾರಿತ್ರ್ಯದ ಗುಣವೂ ಆಗಿಬಿಡುತ್ತದೆ. ಒಳ್ಳೆಯ ಮಧುಮೇಹಿ ಪ್ರಾಮಾಣಿಕ, ಸಂಯಮಿ, ನಿಯಮನಿಷ್ಠ. ಹಾಗಾದರೆ ತೊಡಕು ಬಂದವನು ತಪ್ಪಿತಸ್ಥನೇ? ಹೇಳಿದಂತೆಲ್ಲ ನಡೆದುಕೊಂಡೂ ಕಣ್ಣು ಕಳೆದುಕೊಂಡ ಯುವಕರು ಆ ಕಾಲದಲ್ಲಿ ಇದ್ದರು. ಆಗಿನ ಇನ್ಸುಲಿನ್ ಮತ್ತು ಮೂತ್ರ ಪರೀಕ್ಷೆಗಳಿಂದ ಸಕ್ಕರೆಯನ್ನು ಸಹಜ ಮಟ್ಟದಲ್ಲಿಡುವುದು ಬಹುಪಾಲು ಹದಿಹರೆಯದವರಿಗೆ ಅಸಾಧ್ಯವಾಗಿತ್ತು. ಹರೆಯದ ಹಾರ್ಮೋನುಗಳು ಇನ್ಸುಲಿನ್ ಪ್ರಭಾವವನ್ನು ತಗ್ಗಿಸುತ್ತವೆ ಎಂಬುದು ಸ್ಪಷ್ಟವಾಗಿ ಸಾಬೀತಾದದ್ದು ಎಷ್ಟೋ ವರ್ಷಗಳ ನಂತರ. ಪರೀಕ್ಷಾ ನಳಿಕೆಯ ಕೆಂಪು ಬಣ್ಣ ಮಗುವಿನ ಪಾಲಿಗೆ ಅಪರಾಧದ ಗುರುತಾದಾಗ, ದಿನಚರಿ ಪುಸ್ತಕದಲ್ಲಿ ನೀಲಿ ಎಂದು ಸುಳ್ಳು ಬರೆಯುವ ಮಕ್ಕಳು ಹುಟ್ಟಿಕೊಂಡರು. ಮಧುಮೇಹ ಚಿಕಿತ್ಸಾಲಯಗಳಿಗೆ ಈ ಸಮಸ್ಯೆ ಇಂದಿಗೂ ಅಪರಿಚಿತವಲ್ಲ.

ಹಾಗೆಂದು ಜೋಸ್ಲಿನ್ ಹೊಣೆಯನ್ನು ರೋಗಿಯ ಮೇಲೆ ಹೊರಿಸಿ ಕೈತೊಳೆದುಕೊಂಡವರಲ್ಲ. ಕೋಮಾದಿಂದಾಗುವ ಪ್ರತಿಯೊಂದು ಸಾವನ್ನೂ ತಡೆಯಬಹುದಾಗಿದ್ದ ಸಾವೆಂದೇ ಅವರು ಪರಿಗಣಿಸುತ್ತಿದ್ದರು. ಅದಕ್ಕೆ ವೈದ್ಯನೂ ಉತ್ತರ ಹೇಳಬೇಕೆಂದು ಬಯಸಿದ್ದರು. ಅವರು ರೋಗಿಗಳಿಗೆ ಬರೆಯುತ್ತಿದ್ದ ಪತ್ರಗಳಿಗೆ ಲೆಕ್ಕವಿರಲಿಲ್ಲ. ಯುವ ಮಧುಮೇಹಿಗಳಿಗೆ ಉದ್ಯೋಗ ನಿರಾಕರಿಸುವುದನ್ನು ವಿರೋಧಿಸಿದರು. ಮೆಟ್ರೊಪಾಲಿಟನ್ ಜೀವವಿಮಾ ಕಂಪನಿಯ ಸಂಖ್ಯಾಶಾಸ್ತ್ರಜ್ಞರ ಜೊತೆಗೂಡಿ ತಮ್ಮ ರೋಗಿಗಳ ಆಯುರ್ಮಾನದ ಅಂಕಿಅಂಶಗಳನ್ನು ಪ್ರಕಟಿಸಿದರು.

ಸಾರ್ವಜನಿಕ ಆರೋಗ್ಯ

ವಯಸ್ಕರ ಮಧುಮೇಹವು ಸಾಂಕ್ರಾಮಿಕದಂತೆ ಹರಡುತ್ತಿದೆ ಎಂದು ಎಚ್ಚರಿಸಿದ ಮೊದಲಿಗರಲ್ಲಿ ಜೋಸ್ಲಿನ್ ಒಬ್ಬರು. 1921ರ ಲೇಖನವೊಂದರಲ್ಲಿ ನ್ಯೂ ಇಂಗ್ಲೆಂಡಿನ ಹಳ್ಳಿಯೊಂದರ ಬೀದಿಯಲ್ಲಿ ಅಕ್ಕಪಕ್ಕದಲ್ಲಿದ್ದ ಮೂರು ಮನೆಗಳ ಕಥೆಯನ್ನು ಅವರು ಹೇಳಿದ್ದಾರೆ. ಅಲ್ಲಿ ವಾಸಿಸಿದ ಏಳು ಕುಟುಂಬ ಮುಖ್ಯಸ್ಥರಲ್ಲಿ ಆರು ಮಂದಿ ಮಧುಮೇಹದಿಂದ ಸತ್ತರು. ಆ ಸಾವುಗಳು ಟೈಫಾಯ್ಡ್‌ನಿಂದ ಆಗಿದ್ದರೆ ಊರೇ ಎದ್ದು ಕೂರುತ್ತಿತ್ತು, ಮಧುಮೇಹವಾದ್ದರಿಂದ ಯಾರೂ ಗಮನಿಸಲಿಲ್ಲ ಎಂಬುದು ಅವರ ಅಳಲು. 1940ರ ದಶಕದಲ್ಲಿ ಅವರ ಹುಟ್ಟೂರು ಆಕ್ಸ್‌ಫರ್ಡ್‌ನಲ್ಲೇ ಅಮೆರಿಕದ ಸಾರ್ವಜನಿಕ ಆರೋಗ್ಯ ಸೇವೆಯು ಸಮೀಕ್ಷೆ ನಡೆಸಿ 3,516 ಜನರನ್ನು ಪರೀಕ್ಷಿಸಿದಾಗ 70 ಮಧುಮೇಹಿಗಳು ಸಿಕ್ಕಿದರು. ಅವರಲ್ಲಿ 30 ಮಂದಿಗೆ ತಮಗೆ ಕಾಯಿಲೆ ಇರುವುದೇ ತಿಳಿದಿರಲಿಲ್ಲ.

ವೈಯಕ್ತಿಕ ಜೀವನ ಮತ್ತು ನಿಧನ

ಜೋಸ್ಲಿನ್ 1902ರಲ್ಲಿ ಎಲಿಜಬೆತ್ ಡೆನ್ನಿ ಅವರನ್ನು ವಿವಾಹವಾದರು. ಮಗ ಆಲೆನ್ ಜೋಸ್ಲಿನ್ ತಂದೆಯ ತಂಡದಲ್ಲೇ ವೈದ್ಯರಾದರು. ಮೊದಲ ಮಹಾಯುದ್ಧದಲ್ಲಿ ಜೋಸ್ಲಿನ್ ಫ್ರಾನ್ಸಿನಲ್ಲಿ ಸೇನಾ ವೈದ್ಯರಾಗಿ ಸೇವೆ ಸಲ್ಲಿಸಿದರು. ಹಾರ್ವರ್ಡ್ ವೈದ್ಯಕೀಯ ಶಾಲೆಯಲ್ಲಿ ಪ್ರಾಧ್ಯಾಪಕರಾಗಿದ್ದರು. 1940ರಲ್ಲಿ ಸ್ಥಾಪನೆಯಾದ ಅಮೆರಿಕನ್ ಮಧುಮೇಹ ಸಂಘದ ಗೌರವಾಧ್ಯಕ್ಷರಾದರು. ಮಿತಾಹಾರಿಯೂ ಕುದುರೆ ಸವಾರಿಯ ಪ್ರಿಯರೂ ಆಗಿದ್ದ ಅವರು ಕೊನೆಯವರೆಗೂ ರೋಗಿಗಳನ್ನು ನೋಡುತ್ತಿದ್ದರು. ಹೋವರ್ಡ್ ರೂಟ್, ಪ್ರಿಸಿಲ್ಲಾ ವೈಟ್, ಅಲೆಕ್ಸಾಂಡರ್ ಮಾರ್ಬಲ್ ಜೊತೆಗೂಡಿ ಪಠ್ಯಪುಸ್ತಕದ ಹತ್ತನೆಯ ಆವೃತ್ತಿಯನ್ನು 1959ರಲ್ಲಿ ಹೊರತಂದಾಗ ಅವರಿಗೆ ತೊಂಬತ್ತು ವರ್ಷ. 1962ರ ಜನವರಿ 28ರಂದು, 92ನೆಯ ವಯಸ್ಸಿನಲ್ಲಿ ನಿಧನರಾದರು.

ನಂತರದ ಬೆಳವಣಿಗೆಗಳು

ಹತೋಟಿಯ ವಿವಾದಕ್ಕೆ ತೆರೆಬಿದ್ದದ್ದು ಅವರ ಮರಣದ ಮೂರು ದಶಕಗಳ ನಂತರ. ಬೆರಳ ತುದಿಯ ಹನಿ ರಕ್ತದಿಂದ ಮನೆಯಲ್ಲೇ ಸಕ್ಕರೆ ಅಳೆಯುವ ಉಪಕರಣಗಳು ಬಂದ ಮೇಲೆ, ಅಮೆರಿಕ ಮತ್ತು ಕೆನಡಾದ 29 ಕೇಂದ್ರಗಳಲ್ಲಿ ಟೈಪ್ 1 ಮಧುಮೇಹವಿದ್ದ 13ರಿಂದ 39 ವರ್ಷದ 1,441 ಮಂದಿಯ ಮೇಲೆ ಡಿಸಿಸಿಟಿ ಎಂಬ ಪ್ರಯೋಗ ನಡೆಯಿತು. 1993ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರಂಭದಲ್ಲಿ ಕಣ್ಣಿನ ತೊಡಕು ಇಲ್ಲದಿದ್ದವರಲ್ಲಿ ಬಿಗಿ ಹತೋಟಿಯು ಅಕ್ಷಿಪಟಲದ ಹಾನಿಯ ಅಪಾಯವನ್ನು ಶೇ. 76ರಷ್ಟು ತಗ್ಗಿಸಿತ್ತು. ಜೋಸ್ಲಿನ್ ಅವರ ಮೂಲ ನಂಬಿಕೆ ಸರಿಯೆಂದು ಸಾಬೀತಾಯಿತು. ಅದಕ್ಕೆ ತೆರಬೇಕಾದ ಬೆಲೆಯೂ ಸ್ಪಷ್ಟವಾಯಿತು: ಬಿಗಿ ಹತೋಟಿಯ ಗುಂಪಿನಲ್ಲಿ ಸಕ್ಕರೆ ತೀವ್ರವಾಗಿ ಕುಸಿಯುವ ಘಟನೆಗಳು ಸುಮಾರು ಮೂರು ಪಟ್ಟು ಹೆಚ್ಚಿದ್ದವು. ಪ್ರಯೋಗದಲ್ಲಿದ್ದ 195 ಹದಿಹರೆಯದವರು ವಯಸ್ಕರಷ್ಟು ಉತ್ತಮ ಮಟ್ಟ ತಲುಪಲಾಗಲಿಲ್ಲ, ಆದರೂ ಅವರಿಗೂ ಪ್ರಯೋಜನ ದೊರೆಯಿತು. ಬಿಗಿ ಹತೋಟಿಯ ಗುಂಪಿನವರಿಗೆ ಪ್ರತಿ ತಿಂಗಳ ಭೇಟಿ, ಪದೇ ಪದೇ ದೂರವಾಣಿ ಕರೆ, ದಾದಿ ಮತ್ತು ಪಥ್ಯ ತಜ್ಞರ ನೆರವು ಸಿಗುತ್ತಿತ್ತು ಎಂಬುದನ್ನು ಫಲಿತಾಂಶದ ಚರ್ಚೆಯಲ್ಲಿ ಎಷ್ಟೋ ಸಲ ಮರೆಯಲಾಗುತ್ತದೆ.

ಜೋಸ್ಲಿನ್ ಕೇಂದ್ರದಲ್ಲೇ ಬಾರ್ಬರಾ ಆಂಡರ್ಸನ್, ಲೋರಿ ಲ್ಯಾಫೆಲ್ ಮತ್ತಿತರರು 1990ರ ದಶಕದಲ್ಲಿ ನಡೆಸಿದ ಅಧ್ಯಯನಗಳು ಹದಿಹರೆಯದ ಸ್ವಯಂ ಆರೈಕೆಯ ಕಲ್ಪನೆಯನ್ನು ತಿದ್ದಿದವು. ಹನ್ನೆರಡು ಹದಿಮೂರರ ವಯಸ್ಸಿನಲ್ಲಿ ಹೊಣೆಯನ್ನೆಲ್ಲ ಮಗುವಿಗೆ ವಹಿಸಿ ಹೆತ್ತವರು ಹಿಂದೆ ಸರಿದರೆ ಹತೋಟಿ ಹದಗೆಡುತ್ತದೆ. ದೂಷಣೆ, ಗದರಿಕೆಗಳಿಲ್ಲದೆ ಚುಚ್ಚುಮದ್ದು ಮತ್ತು ಪರೀಕ್ಷೆಯ ಕೆಲಸವನ್ನು ಇಬ್ಬರೂ ಹಂಚಿಕೊಂಡ ಕುಟುಂಬಗಳಲ್ಲಿ ಜಗಳ ಹೆಚ್ಚಾಗದೆ ಹತೋಟಿ ಉಳಿಯುತ್ತದೆ ಎಂದು ಅವು ತೋರಿಸಿದವು. ರಕ್ತದ ಸಕ್ಕರೆಯ ಅಂಕಿಗಳನ್ನು ಒಳ್ಳೆಯದು, ಕೆಟ್ಟದ್ದು ಎಂದು ಕರೆಯದೆ ಮುಂದಿನ ನಿರ್ಧಾರಕ್ಕೆ ಬೇಕಾದ ಮಾಹಿತಿ ಎಂದಷ್ಟೇ ನೋಡುವಂತೆ ಕುಟುಂಬಗಳಿಗೆ ಕಲಿಸಲಾಗುತ್ತಿತ್ತು.

ಪದಕಗಳ ಸಂಪ್ರದಾಯವೂ ಮುಂದುವರಿದು, 1970ರಿಂದ 50 ವರ್ಷ ಇನ್ಸುಲಿನ್ ಬಳಸಿ ಬದುಕಿದವರಿಗೆ ಪದಕ ನೀಡಲಾಗುತ್ತಿದೆ. ಇವರನ್ನೇ ಅಧ್ಯಯನಕ್ಕೊಳಪಡಿಸಿದ ವಿಜ್ಞಾನಿಗಳು, ಅರ್ಧ ಶತಮಾನದ ನಂತರವೂ ಅನೇಕರ ದೇಹದಲ್ಲಿ ಅತ್ಯಲ್ಪ ಪ್ರಮಾಣದ ಇನ್ಸುಲಿನ್ ಉತ್ಪಾದನೆ ಉಳಿದಿರುವುದನ್ನು 2010ರಲ್ಲಿ ವರದಿ ಮಾಡಿದರು. ಮರುವರ್ಷ ಪ್ರಕಟವಾದ ಇನ್ನೊಂದು ವರದಿಯ ಪ್ರಕಾರ, ಈ ದೀರ್ಘಾಯುಷಿಗಳಲ್ಲಿ ತೊಡಕುಗಳಿಂದ ಪಾರಾದವರಿಗೂ ಪಾರಾಗದವರಿಗೂ ಸಕ್ಕರೆಯ ಹತೋಟಿಯಲ್ಲಿ ಗಮನಾರ್ಹ ವ್ಯತ್ಯಾಸ ಕಂಡುಬರಲಿಲ್ಲ. ಅವರನ್ನು ರಕ್ಷಿಸಿದ ಬೇರೆ ಜೈವಿಕ ಅಂಶಗಳಾವುವು ಎಂಬ ಶೋಧನೆ ಜೋಸ್ಲಿನ್ ಕೇಂದ್ರದಲ್ಲಿ ಮುಂದುವರಿಯಿತು.